ಬಾಟಲಿಗೆ ಟೀ ತುಂಬಿದವರು

ಟಕ್... ಟಕ್... ಟಕ್!

ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಸದ್ದಾಯಿತು. ಒಳಗೆ ಕೇರಂ ಬೋರ್ಡಿನ ಸುತ್ತ ನಗೆಯ ಬುಗ್ಗೆ ಎದ್ದಿದ್ದರಿಂದ ಅದು ಕೇಳಿಸಿದ್ದು ಅವಳೊಬ್ಬಳಿಗೆ ಮಾತ್ರ.

ತೆರೆದರೆ, ಮೆಟ್ಟಿಲ ದೀಪದ ಮಂಕು ಬೆಳಕಿನಲ್ಲಿ ಒಬ್ಬ ಅಪರಿಚಿತ! ಏದುಸಿರು ಬಿಡುತ್ತಿದ್ದ. ಅಂಗಿಯ ಒಂದು ತೋಳು ಹೊಲಿಗೆ ಬಿಟ್ಟು ಜೋತಾಡುತ್ತಿತ್ತು.

"ಕೈ ಚಾಚಿ," ಎಂದ.

ಯಾಕೆ, ಏನು ಎಂದು ಕೇಳುವ ಮೊದಲೇ ಅವಳ ಕೈ ತಾನಾಗಿ ಮುಂದೆ ಬಂದಿತ್ತು. ಅಂಗೈ ಮೇಲೆ ಕಾರಿನ ಕೀ ಬಿತ್ತು. ಅವನ ಬೆರಳುಗಳು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಕಟ್ಟಿಸಿದವು.

"ಯಾರು ಕೇಳಿದ್ರೂ ಕೊಡಬೇಡಿ. ಬೈದ್ರೂ ಕೊಡಬೇಡಿ... ಅತ್ರೂ ಕೊಡಬೇಡಿ."

"ಯಾರ್ರೀ ನೀವು? ಇದು ಯಾರ ಕೀ?"

ಅವನು ದಡದಡನೆ ಮೆಟ್ಟಿಲಿಳಿದು ಮಾಯವಾದ.

'ಕಳ್ಳನೇ? ಕಳ್ಳನಾದರೆ ಕದ್ದ ಮಾಲನ್ನು ತಂದು ಕೈಗೆ ಕೊಡುತ್ತಾನೆಯೇ? ಅದೂ ಇಷ್ಟು ಅಧಿಕಾರದಿಂದ!' ಅವಳು ಮುಷ್ಟಿ ಬಿಚ್ಚದೆ ನಿಂತೇ ಇದ್ದಳು.

ಸ್ವಲ್ಪ ಹೊತ್ತಿನಲ್ಲಿ ಅವನು ಮತ್ತೆ ಹತ್ತಿ ಬಂದ. ಈ ಸಲ ಅವನ ಹೆಗಲ ಮೇಲೆ ಒಂದು ಭಾರಿ ದೇಹ ಒರಗಿತ್ತು. ಅದು ಬಿಕ್ಕಿ ಬಿಕ್ಕಿ ಅಳುತ್ತಿತ್ತು.

"ನನ್ ಕೀ... ನನ್ ಕೀ ಕೊಡೋ ಮಹಾರಾಯ..."

"ಅಯ್ಯೋ, ಪೀಪಾಯಿ ಮಾಮ!"

ಹೌದು, ಆ ದೇಹ ಪೀಪಾಯಿಯದೇ. ಅವಳ ಸೋದರಮಾವನ ಬಾಲ್ಯದ ಗೆಳೆಯ. ಕಟ್ಟಡಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರ್. ಎಷ್ಟು ಸುರಿದರೂ ತುಂಬದ ಹೊಟ್ಟೆಗೆ ಗೆಳೆಯರೇ ಪ್ರೀತಿಯಿಂದ ಇಟ್ಟ ಹೆಸರದು. ಪ್ರತಿ ಶನಿವಾರ ಸಂಜೆ ಈ ಮನೆಯಲ್ಲಿ ಕೇರಂ ಮತ್ತು ಇಸ್ಪೀಟಿನ ಕೂಟ. ಪೀಪಾಯಿ ಅದರ ಖಾಯಂ ಸದಸ್ಯ; ಈಗಷ್ಟೇ ಕುಡಿದು ಹೆಂಡತಿಯೊಡನೆ ಮನೆಗೆ ಹೊರಟಿದ್ದ.

ಹಿಂದೆಯೇ ಅವನ ಹೆಂಡತಿ ಬಂದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಗಾಡಿ ಇನ್ನೇನು ಗೇಟಿಗೆ ಗುದ್ದೋದ್ರಲ್ಲಿತ್ತು ಪುಟ್ಟಿ. ನಾನು ಪಕ್ಕದ ಸೀಟಲ್ಲೇ ಇದ್ದೆ. ಇವರು ಅಡ್ಡ ಬಂದು ನಿಲ್ಲಿಸಿದ್ರು... ನಿಲ್ಲಿಸ್ಲಿಲ್ಲ ಅಂದಿದ್ರೆ..."

ಆಗ ತಿಳಿಯಿತು. ಅಪರಿಚಿತ ಕಳ್ಳನಲ್ಲ, ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಡ್ರೈವಿಂಗ್ ಶಾಲೆಯ ಮೇಷ್ಟ್ರು.

"ಕೀ ಹೇಗೆ ಕಿತ್ಕೊಂಡ್ರಿ ಇವರ ಹತ್ರ?" ಅವಳು ಬೆರಗಾಗಿ ಕೇಳಿದಳು.

"ಕಿತ್ಕೊಳ್ಳಲಿಲ್ಲ. 'ಸಾರ್, ಗಾಡಿ ಭಾರಿ ಚೆನ್ನಾಗಿದೆ, ಕೀ ಒಂದ್ಸಲ ನೋಡ್ಲಾ?' ಅಂದೆ. ಖುಷಿಯಾಗಿ ಅವರೇ ಕೊಟ್ಟುಬಿಟ್ರು." ಅವನು ಹರಿದ ತೋಳನ್ನು ನೋಡಿಕೊಂಡ. "ವಾಪಸ್ ಕೊಡಲ್ಲ ಅಂದಿದ್ದಕ್ಕೆ ಈ ತೋಳು ಹೋಯ್ತು."

ಪೀಪಾಯಿ ಮಾಮ ಸೋಫಾದ ಮೇಲೆ ಗೊರಕೆ ಹೊಡೆಯತೊಡಗಿದ. ಅವನ ಹೆಂಡತಿಗೆ ಪುಟ್ಟಿಯ ಅತ್ತೆ ಒಳಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟರು. ಪುಟ್ಟಿ ಸೂಜಿ ದಾರ ತಂದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸಾಸಿವೆ ಗಾತ್ರದ ತಿರುಪುಗಳನ್ನು ಕೂರಿಸುವ ಕೈ ಅದು; ಅಂಗಿ ಬಿಚ್ಚಿಸದೆಯೇ ತೋಳು ಹೊಲಿಯತೊಡಗಿದಳು.

"ಅಲ್ಲಾಡಬೇಡಿ. ಸೂಜಿ ಚುಚ್ಚುತ್ತೆ."

"ಚುಚ್ಚಿದ್ರೂ ಅಲ್ಲಾಡಲ್ಲ."

ಅವಳು ತಲೆಯೆತ್ತಲಿಲ್ಲ. ಎತ್ತಿದ್ದರೆ ತನ್ನ ಕೆನ್ನೆಯ ಬಿಸಿ ಅವನಿಗೆ ಕಂಡುಬಿಡುತ್ತಿತ್ತು! ಆ ಬಿಸಿಯನ್ನು ಕೋಪಕ್ಕೆ ತಿರುಗಿಸಿ ಹೇಳಿದಳು: "ಮುಂದಿನ ಶನಿವಾರದಿಂದ ಇವರೆಲ್ಲರ ಬಾಟಲಿಗೂ ನಾನು ನೀರು ತುಂಬಿಡ್ತೀನಿ, ನೋಡ್ತಿರಿ!"

ಅವನು ನಕ್ಕ. ಅದೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ ಎಂಬುದು ಅವಳಿಗೆ ತಿಳಿಯಲಿಲ್ಲ.

* * *

ಮಾವ ಕೆಟ್ಟವರಲ್ಲ. ತಂದೆ ತಾಯಿ ಇಲ್ಲದ ಅವಳನ್ನು ಎದೆಗೊತ್ತಿಕೊಂಡು ಬೆಳೆಸಿದವರು. ಆದರೆ ಅವರಿಗೊಂದು ಹುಚ್ಚಿತ್ತು. ತಮ್ಮ ಮನೆಯಲ್ಲಿ ಅತಿಥಿಯ ಲೋಟ ಬರಿದಾಗಬಾರದು! 'ಸಾಕು' ಎಂದವರಿಗೆ ಇನ್ನೊಂದು ಸುತ್ತು, 'ಬೇಡ' ಎಂದವರ ಎದುರು ಬಾಡಿದ ಮುಖ. ಆ ಮುಖವನ್ನು ನೋಡಲಾರದೆ ಎಷ್ಟೋ ಮಂದಿ ಕುಡಿದಿದ್ದರು.

ಅವರವರ ಬಾಟಲಿ ಅವರವರೇ ತರಬೇಕು. ಬಂದೊಡನೆ ಅಡುಗೆಮನೆಯ ಬೀರುವಿನಲ್ಲಿಡಬೇಕು. ಅಲ್ಲಿಂದ ಮುಂದೆ ಬಡಿಸುವ ಹಕ್ಕು ಮಾವನದು ಮಾತ್ರ. ಅದು ಕೂಟದ ಕಟ್ಟಳೆ.

ಆ ರಾತ್ರಿಯ ನಂತರ ಮಾವ ಮೇಷ್ಟ್ರನ್ನೂ ಕೂಟಕ್ಕೆ ಕರೆದರು. ಕುಡಿಯದ ಮೇಷ್ಟ್ರು ಇನ್ನೊಂದು ಕಟ್ಟಳೆ ಸೇರಿಸಿದ. ಆಟ ಮುಗಿದ ಮೇಲೆ ನಡುಮನೆಯಲ್ಲಿ ಕೇರಂ ಪಾನುಗಳನ್ನು ಎಂಟರ ಆಕಾರದಲ್ಲಿ ಜೋಡಿಸುವುದು. ಗಾಡಿ ತಂದವರೆಲ್ಲ ಅದರ ನಡುವೆ ನಡೆಯಬೇಕು. ಒಂದು ಪಾನಿಗೆ ಕಾಲು ತಾಗಿದರೂ ಆ ರಾತ್ರಿ ಕೀ ಇಲ್ಲ. ಸೋಫಾ ಇದೆ, ಇಲ್ಲವೇ ಮನೆಯವರೆಗೆ ಬಿಟ್ಟು ಬರಲು ಮೇಷ್ಟ್ರಿದ್ದಾನೆ.

"ಲೈಸೆನ್ಸ್ ತಗೊಂಡಾಗ್ಲೂ ನಾನು ಎಂಟು ಹಾಕಿರ್ಲಿಲ್ಲ ಕಣಯ್ಯಾ!" ಎಂದು ಕೂಗಾಡಿದರು ಹಲ್ಲಿನ ಡಾಕ್ಟರು. ಕೂಟದ ವಿದೂಷಕರು ಅವರೇ.

"ಅದಕ್ಕೇ ಈಗ ಹಾಕಿ ಸಾರ್," ಎಂದ ಮೇಷ್ಟ್ರು ಮೆಲ್ಲಗೆ.

ಹೀಗೆ ಜಗಳವಾಗಬೇಕಿದ್ದದ್ದು ಆಟವಾಯಿತು! ಸೋತವರಿಗೂ ನಗು. ಡಾಕ್ಟರಂತೂ ಪಾನುಗಳನ್ನು ಒದ್ದು ಸೋಫಾದ ಮೇಲೆ ಬೀಳುವುದನ್ನೇ ರೂಢಿ ಮಾಡಿಕೊಂಡರು.

ಆದರೆ ಎಲ್ಲರನ್ನೂ ದಂಗುಬಡಿಸಿದವನು ಪೀಪಾಯಿ. ತಲೆ ತೂಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಹಾಡು ಹಳಿ ತಪ್ಪುತ್ತಿತ್ತು... ಆದರೂ ಒಂದೇ ಒಂದು ಪಾನು ಕದಲದಂತೆ ಎಂಟು ಹಾಕಿ ಮುಗಿಸುತ್ತಿದ್ದ!

"ಇವನಿಗೆ ಎಣ್ಣೆ ಬಿದ್ರೇನೇ ಗಾಡಿ ನೆಟ್ಟಗೆ ಓಡೋದು! ಇನ್ನೊಂದು ಸುತ್ತು ಹಾಕ್ರೋ," ಎಂದು ಡಾಕ್ಟರು ಅಬ್ಬರಿಸುತ್ತಿದ್ದರು. ಪೀಪಾಯಿಯೂ ಕಣ್ಣು ಮಿಟುಕಿಸಿ, "ಮನೇಲೇ ಮುಹೂರ್ತ ಮಾಡ್ಕೊಂಡು ಬಂದಿದ್ದೀನಿ," ಎಂದು ಆಗಲೇ ತೆರೆದಿದ್ದ ಬಾಟಲಿಯನ್ನು ತೋರಿಸುತ್ತಿದ್ದ. ಮಾವನ ಮುಖ ಹಿಗ್ಗಿನಿಂದ ಅರಳುತ್ತಿತ್ತು.

ಮೇಷ್ಟ್ರು ಮಾತ್ರ ಪೀಪಾಯಿಯ ಕಾಲುಗಳನ್ನೇ ನೋಡುತ್ತಿದ್ದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಅವಳನ್ನು ನೋಡುತ್ತಿದ್ದ. ಆ ನೋಟದಲ್ಲಿ ಅದೆಂಥ ಮೆಚ್ಚುಗೆ... ಅದೆಂಥ ಗೌರವ! 'ಸೌತೆಕಾಯಿ ಹೆಚ್ಚುವವಳನ್ನು ಯಾರಾದರೂ ಹೀಗೆ ನೋಡುತ್ತಾರೆಯೇ?' ಅವಳು ಒಳಗೊಳಗೇ ಕರಗುತ್ತಿದ್ದಳು.

ವಾರದ ನಡುವೆ ಅವನು ಅವಳ ಅಂಗಡಿಗೂ ಬರತೊಡಗಿದ. ಮೊದಲ ಸಲ ಕಣ್ಣಿನ ಪರೀಕ್ಷೆ. ಎರಡನೆಯ ಸಲವೂ ಕಣ್ಣಿನ ಪರೀಕ್ಷೆ. ಆಮೇಲೆ ಗಾಜು ಒರೆಸುವ ಬಟ್ಟೆ ಬೇಕೆಂದು ಬಂದ.

"ನಿಮಗೆ ಕನ್ನಡಕಾನೇ ಇಲ್ವಲ್ಲ ಮೇಷ್ಟ್ರೇ?"

"ಮುಂದೆ ಬರಬಹುದು. ಮೊದ್ಲೇ ಇಟ್ಕೊಂಡಿರೋಣ ಅಂತ."

ಅವಳು ನಗು ತಡೆಯಲಾರದೆ ಬೀರುವಿನ ಹಿಂದೆ ಮುಖ ಮರೆಸಿಕೊಂಡಳು. ಆ ಸಂಜೆಯೇ ಮಾವ ಅತ್ತೆಯೊಡನೆ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತು: "ಹುಡುಗ ಬಂಗಾರ ಕಣೇ. ಈ ಶನಿವಾರ ಆಟ ಮುಗಿದ ಮೇಲೆ ಮಾತು ತೆಗೀತೀನಿ."

* * *

ಆ ಶನಿವಾರ ಆಟ ಮುಗಿಯಲೇ ಇಲ್ಲ.

ಡಾಕ್ಟರ ಬಾಟಲಿ ಬೇಗನೆ ಖಾಲಿಯಾಯಿತು. ಮಾವ ಒಳಗೆ ಹೋಗಿದ್ದ ಸಮಯ ನೋಡಿ, ಅವರು ಪೀಪಾಯಿಯ ಬಾಟಲಿಗೇ ಬಾಯಿ ಹಚ್ಚಿದರು. ಮರುಕ್ಷಣ...

"ಥೂ! ಇದು ಟೀ! ತಣ್ಣಗಿನ ಕರಿ ಟೀ ಕಣ್ರೋ!"

ಗೋಡೆಗೊರಗಿ ತೂರಾಡುತ್ತ ಹಾಡುತ್ತಿದ್ದ ಪೀಪಾಯಿಯ ಹಾಡು ಅರ್ಧಕ್ಕೇ ನಿಂತಿತು.

"ಟೀ ಕುಡಿದು ತೂರಾಡಿದ್ಯೇನೋ! ಪಾನುಗಳ ಮಧ್ಯೆ ಡ್ಯಾನ್ಸ್ ಮಾಡಿದ್ದೂ ಟೀ ಕುಡಿದೇನಾ?" ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಉಳಿದವರೂ ನಕ್ಕರು.

ಪೀಪಾಯಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಎದ್ದು, ಹೆಂಡತಿಯನ್ನು ಕರೆದುಕೊಂಡು ಹೊರಟೇಹೋದ. ಕೂಗಿದರೂ ತಿರುಗಿ ನೋಡಲಿಲ್ಲ.

ಒಳಗಿನಿಂದ ಮಾವ ಧಾವಿಸಿ ಬಂದಿದ್ದರು. ಅವರಿಗೆ ನಗು ಬರಲಿಲ್ಲ. "ನನ್ನ ಮನೇಲಿ... ನನ್ನ ಬೀರುವಿನಲ್ಲಿ ಇಟ್ಟಿದ್ದ ಬಾಟಲಿ! ನಂಬಿ ಬಂದ ಗೆಳೆಯನ ಮಾನ ಎಲ್ಲರೆದುರು ಹರಾಜಾಯ್ತು! ಯಾರು ಮಾಡಿದ್ದು ಈ ಕೆಲಸ?"

ಅವರ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೊರಳಿತು. ಅಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಕೆಟಲ್ ಇತ್ತು. ಅದರಲ್ಲಿ ತನಗೂ ಮೇಷ್ಟ್ರಿಗೂ ಮಾಡಿದ್ದ ಟೀ.

"ಪುಟ್ಟೀ...?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಅಡ್ಡ ಬಂದು ನಿಂತ.

"ನಾನು ಸಾರ್. ಟೀ ತುಂಬಿದ್ದು ನಾನೇ."

ಮಾವ ಬಾಗಿಲಿನ ಕಡೆ ಕೈ ತೋರಿದರು.

"ಇನ್ಮೇಲೆ ಈ ಹೊಸ್ತಿಲು ತುಳೀಬೇಡ," ಎಂದರು ಮಾವ. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ಅವಳು ಮೆಟ್ಟಿಲವರೆಗೆ ಅವನ ಹಿಂದೆಯೇ ಓಡಿದಳು. "ನಿಜ ಹೇಳಿ. ನೀವೇನಾ?"

"ಹೂಂ."

"ಕೀ ಇಸ್ಕೊಳ್ಳೋದು ಬೇರೆ, ಇದು ಬೇರೆ ಮೇಷ್ಟ್ರೇ! ಮನುಷ್ಯನ್ನ ನಗೆಪಾಟಲು ಮಾಡಿ ಏನು ಸಿಕ್ತು ನಿಮಗೆ? ಮಾವ ಅವರ ಗೆಳೆಯನ್ನ ಕಳ್ಕೊಂಡ್ರು... ನಾನು..."

ಅವನ ಕಣ್ಣಲ್ಲಿ ಗಲಿಬಿಲಿ ಮಿಂಚಿ ಮರೆಯಾಯಿತು. 'ಇವಳೇಕೆ ಹೀಗೆ ಕೇಳುತ್ತಿದ್ದಾಳೆ?' ಎಂಬಂತೆ ಅವಳನ್ನೇ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಾವನನ್ನು ಕಂಡು, "ಇನ್ನು ನಿಮ್ಮನ್ನ ಯಾರೂ ಏನೂ ಕೇಳಲ್ಲ. ನೆಮ್ಮದಿಯಾಗಿರಿ," ಎಂದಷ್ಟೇ ಪಿಸುಗುಟ್ಟಿ ಇಳಿದುಹೋದ.

ಅದರ ಅರ್ಥ ಅವಳಿಗಾಗಲಿಲ್ಲ. ಅವಳು ಬೆಳಗಾಗುವವರೆಗೂ ಅತ್ತಳು.

* * *

ಶನಿವಾರಗಳು ಬಂದವು, ಹೋದವು. ಕೇರಂ ಬೋರ್ಡು ಮಂಚದಡಿ ಸೇರಿತು. ಪೀಪಾಯಿ ಮಾಮ ಫೋನು ಎತ್ತಲಿಲ್ಲ. ಮಾವ ಊಟದ ತಟ್ಟೆಯ ಮುಂದೆ ಕುಳಿತು ಎಲ್ಲೋ ನೋಡುತ್ತಿದ್ದರು. ಮೇಷ್ಟ್ರು ಎದುರಾದಾಗ ಅವಳು ಮುಖ ತಿರುಗಿಸಿದಳು; ತಿರುಗಿಸಿದ ಮುಖ ಮತ್ತೆ ಕಳ್ಳತನದಿಂದ ಅವನನ್ನೇ ಹುಡುಕಿತು.

ಅಂಗಡಿಗೆ ರಜೆ ಇದ್ದ ಒಂದು ಬೆಳಗ್ಗೆ ಅತ್ತೆ ಬಟ್ಟೆ ಮಡಿಸುತ್ತ ಗೊಣಗಿದರು.

"ನನಗಂತೂ ನಂಬಿಕೆ ಇಲ್ಲಮ್ಮ. ಅವತ್ತು ಪೀಪಾಯಿ ಬಾಟಲಿ ಇಟ್ಟಾಗಿಂದ ನಿಮ್ಮ ಮಾವ ಎತ್ಕೊಂಡು ಹೋಗೋವರೆಗೂ ನಾನು ಬೀರು ಮುಂದೇನೇ ಬೀನ್ಸ್ ಬಿಡಿಸ್ತಾ ಕೂತಿದ್ದೆ. ಆ ಹುಡುಗ ಅಡುಗೆಮನೆಗೆ ಕಾಲೇ ಇಟ್ಟಿಲ್ಲ! ಹೇಳಿದ್ರೆ ನಿಮ್ಮ ಮಾವ ಕೇಳಿದ್ರೆ ತಾನೇ?"

ಅವಳ ಕೈಯಲ್ಲಿದ್ದ ಬಟ್ಟೆ ಜಾರಿತು. "ಹಾಗಾದ್ರೆ... ಅತ್ತೆ, ನೀವಾ?"

"ನಾನಾ? ನಾನಾಗಿದ್ರೆ ಟೀ ಯಾಕೆ ದಂಡ ಮಾಡ್ತಿದ್ದೆ? ಹರಳೆಣ್ಣೆ ಸುರೀತಿದ್ದೆ! ಒಂದೇ ವಾರಕ್ಕೆ ಎಲ್ಲರ ಚಟ ಬಿಡ್ತಿತ್ತು."

ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು. ಅರ್ಧ ದಾರಿಯಿಂದ ಹಿಂದಿರುಗಿ, ಮೆಟ್ಟಿ, ಮತ್ತೆ ಓಡಿದಳು.

* * *

ಊರಂಚಿನ ಬಯಲಿನಲ್ಲಿ ಡ್ರೈವಿಂಗ್ ಶಾಲೆಯ ಕಾರು ನಿಂತಿತ್ತು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಮುಂದಿನ ವಿದ್ಯಾರ್ಥಿಗಾಗಿ ಕಾಯುತ್ತಿದ್ದ. ಬಾಗಿಲು ತೆರೆದು ಸ್ಟೀರಿಂಗ್ ಮುಂದೆ ಕುಳಿತವಳು ಅವಳು!

"ಕಲಿಸಿ," ಎಂದಳು.

"ನೀವು...?"

"ಯಾಕೆ, ಬರೀ ಗಂಡಸರಿಗೆ ಮಾತ್ರ ಕಲಿಸ್ತೀರಾ?"

ಅವನು ಉಗುಳು ನುಂಗಿದ. "ಕ್ಲಚ್ ಒತ್ತಿ. ಮೊದಲನೇ ಗೇರು. ನಿಧಾನಕ್ಕೆ ಬಿಡಿ..."

ಕಾರು ಕುಪ್ಪಳಿಸಿ, ಕೆಮ್ಮಿ, ಹೇಗೋ ಮುಂದೆ ತೆವಳಿತು. ಅವಳು ದಾರಿ ಬಿಟ್ಟು ಅವನನ್ನೇ ನೋಡಿ ಕೇಳಿದಳು: "ಮಾಡದ ತಪ್ಪನ್ನ ಯಾಕೆ ಒಪ್ಕೊಂಡ್ರಿ?"

"ಮುಂದೆ ನೋಡ್ರೀ! ಕಂಬ!"

ಅವನ ಕಾಲು ತನ್ನ ಕಡೆಯ ಬ್ರೇಕನ್ನು ಬಲವಾಗಿ ಒತ್ತಿತು. ಕಾರು ಗಕ್ಕನೆ ನಿಂತಿತು. ಇಬ್ಬರ ಎದೆಯೂ ಡವಗುಟ್ಟುತ್ತಿತ್ತು. ಕಂಬ ಅದಕ್ಕೊಂದು ನೆಪ ಅಷ್ಟೆ!

"ನೀವು ಬೀರು ಹತ್ರ ಹೋಗೇ ಇರಲಿಲ್ಲ. ಅತ್ತೆ ಹೇಳಿದ್ರು. ಯಾಕೆ ಒಪ್ಕೊಂಡ್ರಿ?"

ಅವನು ಕಾರಿನ ಗಾಜಿನಾಚೆಗೆ ನೋಡುತ್ತ ಹೇಳಿದ: "ನಿಮಗಾಗಿ."

"ನನಗಾಗಿ?"

"ನೀವೇ ಹೇಳಿದ್ರಲ್ಲ, ಎಲ್ಲರ ಬಾಟಲಿಗೂ ನೀರು ತುಂಬಿಡ್ತೀನಿ ಅಂತ. ಅದಾದ ಮೇಲೆ ಪೀಪಾಯಿ ಸಾರ್ ಎಂಟು ಹಾಕೋದು ನೋಡಿದೆ. ತಲೆ ತೂಗ್ತಿತ್ತು, ಪಾದ ತೂಗ್ತಿರಲಿಲ್ಲ. ಕುಡಿದವರ ಪಾದ ಹಾಗೆ ನೆಲ ಹಿಡಿಯಲ್ಲ. ಬರೀ ಬಣ್ಣದ ನೀರಿಗೇ ಅಮಲು ಅಂತ ಅವರೇ ಭ್ರಮೆ ಪಡ್ಕೊಂಡಿದ್ದಾರೆ ಅನ್ಕೊಂಡೆ. ಮಾಡಿದ್ದು ನೀವೇ ಅಂತ ಖಾತ್ರಿ ಇತ್ತು. ಒಬ್ಬ ಮನುಷ್ಯನ ಪ್ರಾಣ ಉಳಿಸೋಕೆ ಸದ್ದಿಲ್ದೆ ಇಷ್ಟೆಲ್ಲ ಮಾಡೋ ಹುಡುಗಿ..." ಅವನು ತಡವರಿಸಿದ. "ಅಂಥವಳನ್ನ ಪ್ರೀತಿಸದೇ ಇರೋದು ಹೇಗೆ? ಅವತ್ತು ಮಾವ ನಿಮ್ಮ ಕಡೆ ತಿರುಗಿದಾಗ ನನಗೆ ಬೇರೇನೂ ತೋಚಲಿಲ್ಲ."

ಅವಳ ಕಣ್ಣು ತುಂಬಿ ಬಂದಿತು. ಅಡುಗೆಮನೆಯ ಕಡೆಗಿನ ಆ ನೋಟ! ಅಷ್ಟೂ ದಿನದ ಆ ಮೆಚ್ಚುಗೆ, ಆ ಗೌರವ... ಎಲ್ಲವೂ ತಾನು ಮಾಡದ ಕೆಲಸಕ್ಕಾಗಿ ಸಂದದ್ದೇ?

"ಮೇಷ್ಟ್ರೇ... ಅದು ನಾನಲ್ಲ."

"ಆಂ?"

"ನಾನು ಕೋಪಕ್ಕೆ ಅಂದಿದ್ದು. ಆಮೇಲೆ ಮರೆತೇಬಿಟ್ಟೆ. ಬಾಟಲಿ ಮುಟ್ಟಿಲ್ಲ. ಅಂಥ ದೊಡ್ಡ ಹುಡುಗಿ ನಾನಲ್ಲ." ಧ್ವನಿ ಒಡೆಯಿತು. "ಈಗ... ಪ್ರೀತಿ ವಾಪಸ್ ತಗೋತೀರಾ?"

ಅವನು ಕಣ್ಣರಳಿಸಿ ನೋಡಿದ. ಆಮೇಲೆ ನಗತೊಡಗಿದ. ಎಂಥ ನಗು! ಎಷ್ಟೋ ದಿನಗಳಿಂದ ಹೊತ್ತ ಮೂಟೆಯನ್ನು ಇಳಿಸಿದವನ ನಗು.

"ನನ್ನ ತೋಳು ಹೊಲಿದಿದ್ದು ನೀವೇ ತಾನೇ?"

"ಹೂಂ."

"ಗೆಳೆಯನ್ನ ಕಳ್ಕೊಂಡ ಮಾವನಿಗೋಸ್ಕರ ಮೆಟ್ಟಿಲ ಮೇಲೆ ನನ್ನ ಹಿಡಿದು ಬೈದಿದ್ದು?"

"...ನಾನೇ."

"ಸಾಕು. ಟೀ ಯಾರಾದ್ರೂ ತುಂಬ್ಲಿ."

ಅವಳು ಅಳುತ್ತಲೇ ನಕ್ಕಳು. 'ನನ್ನ ಕಡೆ ಬೆರಳು ತಿರುಗುವ ಮೊದಲೇ ತಾನು ಎದೆಯೊಡ್ಡಿದನಲ್ಲ! ತಂದೆ ತಾಯಿ ಹೋದ ಮೇಲೆ ಮಾವನೊಬ್ಬರೇ ನನಗಾಗಿ ಹೀಗೆ ನಿಂತಿದ್ದರು. ಈಗ ಇವನು...' ಕೃತಜ್ಞತೆ ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಇಂದೇ ತಿಳಿದದ್ದು.

"ಥ್ಯಾಂಕ್ಸ್ ಅನ್ನೋದು ಬಹಳ ಸಣ್ಣ ಮಾತು ಮೇಷ್ಟ್ರೇ."

"ಹಾಗಾದ್ರೆ ದೊಡ್ಡ ಮಾತು ಹೇಳಿ."

ಅವಳು ತುಟಿ ಕಚ್ಚಿಕೊಂಡಳು. "ನಿಮ್ಮ ಕಣ್ಣಲ್ಲಿ ಯಾವ ದೋಷಾನೂ ಇಲ್ಲ ಅಂತ ಮೊದಲನೇ ಸಲಾನೇ ಗೊತ್ತಿತ್ತು. ಆದ್ರೂ ಎರಡನೇ ಸಲ ಪರೀಕ್ಷೆ ಮಾಡಿದ್ದು... ಮತ್ತೊಂದ್ಸಲ ಹತ್ತಿರದಿಂದ ನೋಡೋಕೆ."

ಅಷ್ಟರಲ್ಲಿ ಬಯಲಿನಾಚೆಯಿಂದ ಒಂದು ಸ್ಕೂಟರು ಧೂಳೆಬ್ಬಿಸುತ್ತ ಬಂತು. ಮಾವ!

ಇಬ್ಬರೂ ಧಡಬಡಿಸಿ ಕಾರಿನಿಂದಿಳಿದರು. ಮಾವ ನೇರವಾಗಿ ಮೇಷ್ಟ್ರ ಬಳಿ ಬಂದರು. ಬೈಗುಳ ಬರಲಿಲ್ಲ. ಅವರು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು.

"ನನ್ನಿಂದ ತಪ್ಪಾಯ್ತಪ್ಪಾ. ಟೀ ತುಂಬಿದವರು ಇವತ್ತು ಬೆಳಗ್ಗೆ ನನ್ನನ್ನ ಹುಡುಕ್ಕೊಂಡು ಬಂದಿದ್ರು. ನೀನು ತಪ್ಪು ಹೊತ್ಕೊಂಡಿದ್ದು ಅವರಿಗೆ ಗೊತ್ತೇ ಇರಲಿಲ್ಲ. ನಿನ್ನೆ ಡಾಕ್ಟರು ಬಾಯಿ ಬಿಟ್ಟಾಗ ಗೊತ್ತಾಯ್ತಂತೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ."

"ಪರವಾಗಿಲ್ಲ ಸಾರ್..."

"ಪರವಾಗಿಲ್ಲ ಅನ್ನಬೇಡ, ಕೇಳು." ಮಾವ ಹಿಡಿದ ಕೈ ಬಿಡಲಿಲ್ಲ. "ನಿಜವಾದ ತಪ್ಪು ನನ್ನದೇ. ಬೇಡ ಅಂದ್ರೆ ನನ್ನ ಮುಖ ಬಾಡುತ್ತೆ ಅಂತ ಹೆದರಿ ಹಾಗೆ ಮಾಡಿದ್ದಂತೆ. ಲೋಟ ತುಂಬಿಸೋದೇ ಪ್ರೀತಿ ಅನ್ಕೊಂಡಿದ್ದೆ ನಾನು. ನಮ್ಮನೇಲಿ 'ಬೇಡ' ಅನ್ನೋಕೆ ಜನ ವೇಷ ಹಾಕಬೇಕಾಯ್ತಲ್ಲಪ್ಪಾ!"

ಅವಳು ಮಾವನ ತೋಳು ಹಿಡಿದಳು. ಅವರು ಅವಳ ತಲೆ ಸವರಿದರು.

"ಈ ಶನಿವಾರ ಎಲ್ಲರಿಗೂ ಕರೆ ಹೋಗಿದೆ. ಬೇಡ ಅಂದವರ ಲೋಟಕ್ಕೆ ನಾನು ಕೈ ಹಾಕಲ್ಲ. ನೀನು ಬರಬೇಕು ಮೇಷ್ಟ್ರೇ. ಅತಿಥಿಯಾಗಿ ಅಲ್ಲ." ಅವರು ಸೋದರಸೊಸೆಯನ್ನೂ ಅವನನ್ನೂ ಒಟ್ಟಿಗೇ ನೋಡಿ, ಕಣ್ಣೊರೆಸಿಕೊಂಡು ನಕ್ಕರು. "ಇನ್ನೇನು ಬಿಡಿಸಿ ಹೇಳಬೇಕಾ?"

ಮೇಷ್ಟ್ರು ಬಗ್ಗಿ ಅವರ ಕಾಲು ಮುಟ್ಟಿದ. ಎದ್ದವನ ಕೈಗೆ ಅವಳ ಬೆರಳುಗಳು ಸದ್ದಿಲ್ಲದೆ ಸೇರಿಕೊಂಡವು.

"ನಡುಗ್ತಿದ್ದೀರಾ?" ಅವನು ಪಿಸುಗುಟ್ಟಿದ.

"ಬಿಡಬೇಡಿ. ನಿಂತುಹೋಗುತ್ತೆ."

"ಬಿಡಲ್ಲ."

ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ನೆನಪಾಯಿತು. "ಮಾವ, ಯಾರು ಅಂತ ಹೇಳಲೇ ಇಲ್ವಲ್ಲ! ಅವರಿಗೆ ನಾನು ಕೈ ಮುಗೀಬೇಕು. ಅವರಿಂದ ತಾನೇ ಇವತ್ತು ನನಗೆ ಇಷ್ಟೆಲ್ಲ ಸಿಕ್ಕಿದ್ದು!"

ಮಾವ ಸ್ಕೂಟರ್ ಹತ್ತಿ, ಇಬ್ಬರನ್ನೂ ಒಮ್ಮೆ ತುಂಬಿದ ಕಣ್ಣಿನಿಂದ ನೋಡಿದರು.

"ಕೀ ಕಳ್ಕೊಂಡ ಆ ರಾತ್ರಿಯಿಂದ ಒಂದು ತೊಟ್ಟೂ ಮುಟ್ಟದೆ, ಮನೇಲೇ ಟೀ ಕಾಯಿಸಿ, ತನ್ನ ಬಾಟಲಿಗೆ ತಾನೇ ತುಂಬ್ಕೊಂಡು ಬಂದು ತೂರಾಡ್ತಿದ್ದವನು... ನಮ್ಮ ಪೀಪಾಯಿ!"